ಡ್ರಮ್ಮಿಗೆ ಹಚ್ಚಿದ ವಿಭೂತಿ

೨೦೦೬ರಲ್ಲಿ ನಾನು ಹೊಸಪೇಟೆಯಲ್ಲಿ ಪ್ರಿಂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದೆ. ಅದಿರಿನ ವ್ಯಾಪಾರ ಏರಿದ್ದ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು, ರಸ್ತೆ ದಾಟುವುದೇ ಒಂದು ಸಾಹಸ. ಊರೆಲ್ಲ ಅದಿರಿನಿಂದ ಬದುಕಿದರೆ ನಾನು ಅದಿರಿನ ಚೀಟಿಯಿಂದ ಬದುಕುತ್ತಿದ್ದೆ. ಯಶವಂತನಗರದ ಹತ್ತಿರದ ಒಂದು ಅದಿರು ಯಾರ್ಡಿನ ಪ್ರಿಂಟರುಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ನಮ್ಮ ವೃತ್ತಿಯವರ ಬಾಯಲ್ಲಿ ಎಎಂಸಿ, ನನ್ನದಾಗಿತ್ತು. ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಅಲ್ಲಿನ ತೂಕದ ಕೋಣೆಯಲ್ಲಿ ಇದ್ದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ತಲೆಯೊಳಗೆ ಸೂಜಿಯಂಥ ಪಿನ್ನುಗಳಿರುತ್ತವೆ. ಅವು ಚಿಮ್ಮಿ ಮಸಿಯ ರಿಬ್ಬನ್ನಿಗೆ ಬಡಿದಲ್ಲೆಲ್ಲ ಕಾಗದದ ಮೇಲೆ ಒಂದು ಚುಕ್ಕೆ. ಚುಕ್ಕೆ ಸೇರಿ ಅಕ್ಷರ. ಆ ಪೆಟ್ಟು ಅಡಿಯ ಪ್ರತಿಗಳಿಗೂ ಇಳಿಯುವುದರಿಂದ ಡ್ರೈವರಿಗೆ, ಕಂಪನಿಗೆ, ಚೆಕ್‌ಪೋಸ್ಟಿಗೆ ಒಂದೇ ಸಲಕ್ಕೆ ತೂಕದ ಚೀಟಿ ಸಿಗುತ್ತಿತ್ತು. ಕಿರ್ರೆಂದು ಕಿವಿ ಕೊರೆಯುವ ಸದ್ದು, ನಿಜ. ಆದರೆ ಕೆಂಧೂಳು ಎಷ್ಟು ಮೆತ್ತಿದರೂ ನಿಲ್ಲದ ಗಟ್ಟಿ ಜೀವ.

ಹೀಗಿರುವಾಗ ನಡುವೆ ಬಂದವನು ವೀರೇಶ. ಹಿಂದೆ ಒಂದೇ ಅಂಗಡಿಯಲ್ಲಿ ಕೆಲಸ ಮಾಡಿದವರು ನಾವು. ನನಗಿಂತ ಚಿಕ್ಕವನು, ಅಕ್ಕಾ ಎನ್ನುತ್ತಿದ್ದ. ಈಗ ಅವನದು ಗಾಜಿನ ಬಾಗಿಲಿನ ಎಸಿ ಶೋರೂಮ್. ಯಾರ್ಡಿನ ಆಫೀಸಿಗೆ ಬಿಲ್ಲು ಮುದ್ರಿಸಲು ಒಂದು ಲೇಸರ್ ಪ್ರಿಂಟರ್ ಮಾರಿದ. ಸದ್ದಿಲ್ಲ, ಅಕ್ಷರ ಪುಸ್ತಕದಲ್ಲಿದ್ದಂತೆ. ಮ್ಯಾನೇಜರ್ ಮಲ್ಲಿಕಾರ್ಜುನಪ್ಪನವರು ನನ್ನೆದುರೇ ಆ ಹಾಳೆಯನ್ನು ಸವರುತ್ತ, "ಏನ್ ಮಸ್ತ್ ಐತ್ರಿ ಮೇಡಮ್! ದಸರಾ ಆದ ಮ್ಯಾಲ ಎಲ್ಲಾ ಮಷಿನ್ನಿಂದೂ ಎಎಂಸಿ ಒಬ್ರಿಗೇ ಕೊಡೂಣಂತ ಮಾಡೀವಿ" ಎಂದರು. ಆ ಒಬ್ಬರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ನನ್ನ ಹೊಟ್ಟೆ ಉರಿಯಿತು. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಊಟ ಸೇರಲಿಲ್ಲ. ಅವನ ಶೋರೂಮು ಕಣ್ಣಿಗೆ ಬೀಳಬಾರದೆಂದು ಸುತ್ತುದಾರಿ ಹಿಡಿಯುತ್ತಿದ್ದೆ. ಅವನು ಕೊಂಡ ಹೊಸ ಕಾರು, ಅವನ ಇಸ್ತ್ರಿ ಅಂಗಿ, ಅವನು ನಕ್ಕದ್ದು, ಯಾವುದನ್ನೂ ಸಹಿಸಲಾಗುತ್ತಿರಲಿಲ್ಲ. ಕೊನೆಗೆ ಅದೇ ಮಾಡೆಲ್ಲಿನ ಒಂದು ಹಳೆಯ ಲೇಸರನ್ನು ಹುಬ್ಬಳ್ಳಿಯಿಂದ ತರಿಸಿ ಬಿಚ್ಚಿ ಹಾಕಿದೆ. ಉದ್ದೇಶ ಒಂದೇ: ಅದರ ಹುಳುಕು ಹಿಡಿಯಬೇಕು, ಮ್ಯಾನೇಜರರ ಎದುರು ಎತ್ತಿ ಆಡಬೇಕು.

ಒಳಗೊಂದು ಹೊಳೆಯುವ ಉರುಳೆ, ಅದೇ ಡ್ರಮ್. ಮೊದಲು ಅದರ ಮೈಮೇಲೆಲ್ಲ ವಿದ್ಯುತ್ ಚಾರ್ಜು ಕೂರುತ್ತದೆ. ಲೇಸರ್ ಬೆಳಕು ಅಕ್ಷರ ಬರೆದ ಕಡೆ ಆ ಚಾರ್ಜು ಬದಲಾಗಿ, ಟೋನರ್ ಎಂಬ ಕಪ್ಪು ಪುಡಿ ಅಲ್ಲಿಗೇ ಅಂಟುತ್ತದೆ. ಪುಡಿ ಕಾಗದಕ್ಕೆ ದಾಟಿದ ಮೇಲೆ ಬಿಸಿ ರೋಲರುಗಳ ನಡುವೆ ಕರಗಿ ಕೂರುತ್ತದೆ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎತ್ತುತ್ತದಲ್ಲ, ಅದೇ ವಿದ್ಯೆ. ಹಾಳಾದ್ದು, ಎಷ್ಟು ಚೆಂದ ಇತ್ತು! ಬೈಯಲು ಕೂತವಳಿಗೆ ಬೈಯುವುದಕ್ಕೆ ಏನೂ ಸಿಗಲಿಲ್ಲ. ಅದಕ್ಕೂ ವೀರೇಶನ ಮೇಲೇ ಸಿಟ್ಟು ಬಂತು.

ಆಯುಧಪೂಜೆಗೆ ಯಾರ್ಡಿನಿಂದ ಇಬ್ಬರಿಗೂ ಕರೆ ಇತ್ತು. ಲಾರಿ, ತೂಕದ ಕಟ್ಟೆ, ಪ್ರಿಂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನನ್ನ ಡಾಟ್ ಮ್ಯಾಟ್ರಿಕ್ಸು ಪ್ರತಿ ವರ್ಷವೂ ಮುಚ್ಚಳದ ಮೇಲೆ ವಿಭೂತಿ ಹಚ್ಚಿಸಿಕೊಂಡು ಮರುದಿನ ಕೆಲಸಕ್ಕೆ ನಿಲ್ಲುತ್ತಿತ್ತು. ಪ್ರಸಾದ ತಿಂದು ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಹಬ್ಬ ಮುಗಿದು ಆಫೀಸು ತೆರೆದ ಬೆಳಿಗ್ಗೆ ಫೋನು ಬಂತು. ಹೋಗಿ ನೋಡಿದರೆ ವೀರೇಶ ಆಗಲೇ ಬಂದು ಬೆವರುತ್ತಿದ್ದ; ಲೇಸರನ್ನು ಮಾರಿದ್ದನೇ ಹೊರತು ರಿಪೇರಿ ಅವನಿಗೆ ಬರುತ್ತಿರಲಿಲ್ಲ. ಲೇಸರಿನಿಂದ ಬಂದ ಪ್ರತಿ ಹಾಳೆಯ ಮೇಲೂ ಅಡ್ಡಕ್ಕೆ ಮೂರು ಬೂದು ಪಟ್ಟೆ. ಕೆಳಗೆ ಮತ್ತೆ ಮೂರು. ಅದರ ಕೆಳಗೆ ಮತ್ತೆ ಮೂರು. ಬಿಲ್ಲಿಗೆ ಬಂದ ಡ್ರೈವರೊಬ್ಬ ಹಾಳೆಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ. ಆದರೆ ಅದಿರಿನ ಜೊತೆ ಬಂದರಿಗೆ ಹೋಗಬೇಕಾದ ಕಾಗದವನ್ನು ಹಾಗೆ ಕಳಿಸುವಂತಿರಲಿಲ್ಲ.

ಮಲ್ಲಿಕಾರ್ಜುನಪ್ಪನವರು ನನ್ನತ್ತ ತಿರುಗಿದರು. "ಮೇಡಮ್, ಖರೇ ಹೇಳ್ರಿ. ಈ ಲೇಸರು ನಮ್ಮ ಧೂಳಿಗೆ ತಡಿಯಂಗಿಲ್ಲ, ಹೌದಲ್ರಿ? ನೀವು ಹೂಂ ಅನ್ರಿ, ಇವತ್ತ ವಾಪಸ್ ಕಳಿಸ್ತೀನಿ."

ಒಂದು ಹೂಂ ಅಂದರೆ ಸಾಕಿತ್ತು. ಗುತ್ತಿಗೆ ನನಗೆ, ವೀರೇಶ ಮನೆಗೆ. ಅವನು ನೆಲ ನೋಡುತ್ತ ನಿಂತಿದ್ದ. ನಾನು ಮುಚ್ಚಳ ತೆಗೆದು, ಡ್ರಮ್ಮು ಟೋನರು ಎರಡೂ ಇರುವ ಡಬ್ಬಿ, ಅಂದರೆ ಕಾರ್ಟ್ರಿಜ್ ಎಳೆದೆ. ಡ್ರಮ್ಮಿನ ಉದ್ದಕ್ಕೂ ಮೂರು ಬೆರಳಿನಿಂದ ಎಳೆದ ವಿಭೂತಿ ಒಣಗಿ ಕೂತಿತ್ತು.

"ಸರ್, ಒಳಗ ವಿಭೂತಿ ಹಚ್ಚಿದವ್ರು ಯಾರ್ರಿ?"

"ನಾನ ರೀ! ನೀವಿಬ್ರೂ ಹೋದ ಮ್ಯಾಲ ಹಚ್ಚಿದೆ. ಇದ ಮಷಿನ್ನಿನ ಜೀವ ಅಂತ ವೀರೇಶ ತೋರಿಸಿದ್ದ. ಜೀವ ಬಿಟ್ಟು ಡಬ್ಬಿಗೆ ಪೂಜಿ ಮಾಡಿದ್ರ ಹ್ಯಾಂಗ್ರಿ?"

ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ ಎಂದು ಹೇಳಿಕೊಂಡು ದೊಡ್ಡವಳಾಗುವುದಿಲ್ಲ. ಲೇಸರು ನನಗೂ ಗೊತ್ತು ಎಂದು ವೀರೇಶನ ಎದುರು ತೋರಿಸಿಕೊಳ್ಳುವ ಆಸೆಯನ್ನು ತಡೆಯಲಾಗಲಿಲ್ಲ, ಅಷ್ಟೇ. "ಮಷಿನ್ ಭಾಳ ಚಲೋ ಐತ್ರಿ. ಡ್ರಮ್ ಒಂದೊಂದ್ ಸುತ್ತು ತಿರುಗಿದಾಗೂ ನಿಮ್ಮ ವಿಭೂತಿ ಹಾಳಿ ಮ್ಯಾಲ ಬೀಳ್ತೈತಿ. ಡ್ರಮ್ ಬದಲಿ ಮಾಡೂಣ್ರಿ. ಪೂಜಿ ಇನ್ ಮ್ಯಾಲ ಹೊರಗಷ್ಟ ಸಾಕು" ಎಂದೆ. ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಯಂತ್ರದ ಕಾರ್ಟ್ರಿಜ್ ತರಿಸಿ ಹಾಕಿದೆ. ಹಾಳೆ ಸ್ವಚ್ಛವಾಗಿ ಬಂತು. ಎರಡೂ ಬಗೆಯ ಯಂತ್ರ ಬಲ್ಲವಳು ಇವಳೇ ಎಂದು ಮ್ಯಾನೇಜರರು ಅಲ್ಲೇ ಎಎಂಸಿಯನ್ನು ನನ್ನ ಹೆಸರಿಗೆ ಮಾಡಿದರು.

ಹೊರಗೆ ಕಾರಿನ ಹತ್ತಿರ ವೀರೇಶ ಕಾದಿದ್ದ. "ಅಕ್ಕಾ, ಲೇಸರ್ ಎಲ್ಲಿ ಕಲ್ತಿ?"

"ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಕಲ್ತೆ, ಲೇ."

ಅವನು ನಗಲಿಲ್ಲ. ಅವನ ಮುಖದಲ್ಲಿ ಆಗ ಕಂಡದ್ದನ್ನು ನಾನು ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆ. ಸುಳ್ಳೇಕೆ ಹೇಳಲಿ, ಭಾರೀ ಹಿತವಾಯಿತು.

ಕಿಚ್ಚು ಯಾರಿಗೆ ಬರುವುದಿಲ್ಲ? ಬಂದಾಗ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ವೀರೇಶನೂ ಅದನ್ನು ಕಲಿತನೆಂದು ದೀಪಾವಳಿಯ ಹೊತ್ತಿಗೆ ತಿಳಿಯಿತು. ಶೋರೂಮಿನ ಗಾಜಿನಾಚೆ, ಅವನ ಮೇಜಿನ ಮೇಲೆ ಒಂದು ಇಂಕ್‌ಜೆಟ್ ಬಿಚ್ಚಿ ಬಿದ್ದಿತ್ತು. ಕೂದಲಿಗಿಂತ ಸಣ್ಣ ತೂತುಗಳಿಂದ ಮಸಿಯ ಹನಿ ಚಿಮ್ಮಿಸಿ ಬಣ್ಣದ ಫೋಟೊ ಮುದ್ರಿಸುವ ಯಂತ್ರ ಅದು. ಹಂಪಿಯ ಸ್ಟುಡಿಯೊದವರು ಅದರ ರಿಪೇರಿಗೆ ಜನ ಹುಡುಕುತ್ತಿದ್ದರು. ವೀರೇಶನ ಎರಡೂ ಕೈಗೆ ಮೊಣಕೈವರೆಗೆ ಬಣ್ಣ ಮೆತ್ತಿತ್ತು, ತಲೆ ಎತ್ತದೆ ಕೂತಿದ್ದ.

ಇಂಕ್‌ಜೆಟ್ ನನಗೆ ಬರುತ್ತಿರಲಿಲ್ಲ. ಆ ಸಂಜೆಯೇ ಒಂದನ್ನು ತಂದು ಬಿಚ್ಚಿದೆ.