ಚೌಡಪ್ಪಣ್ಣ ಕೊಡದೇ ಹೋದ ಗದ್ದೆ

ಶಾಲೆಯ ತೋಟ ಚಿಗುರುವ ಮೊದಲೇ ಅದನ್ನು ಮೇದು ಮುಗಿಸಿದವನು ನಾನು, ಅಕ್ಕೋರೆ. ಚೌಡಪ್ಪಣ್ಣ ಮಾತಿಗೆ ತಪ್ಪಿದ ಎಂದೇ ನೀವು ಇಷ್ಟು ವರ್ಷ ನಂಬಿದ್ದೀರಿ. ತಪ್ಪಿಸಿದವನು, ಊರವರ ದನಿಯನ್ನೆಲ್ಲ ಕದ್ದು ಆಡಿಕೊಳ್ಳುತ್ತಿದ್ದ, ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಿಮ್ಮ ಹಳೇ ಶಿಷ್ಯ—ಈ ಮಂಗ.

ಆ ವರ್ಷ ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟು ನಿಂತುಹೋಗಿತ್ತು. ಶಾಲೆಯಲ್ಲೇ ಸೊಪ್ಪು, ಸೌತೆ ಬೆಳೆದು, ಊರಿನ ಅಕ್ಕಿಯಲ್ಲಿ ಅನ್ನ ಹಾಕೋಣವೆಂದು ಹಣ ಕೇಳಲು ನೀವು ಹೊಸನಗರಕ್ಕೆ, ಸಾಗರಕ್ಕೆ ಬಸ್ಸು ಹತ್ತಿದಿರಿ. ಶಾಲೆಯ ಗೋಡೆಗಾದರೆ ಹಣವಿದೆ, ಸೊಪ್ಪಿಗಿಲ್ಲ ಎಂದರಂತೆ ಕಚೇರಿಯ ಸಾಹೇಬರು. ಅದನ್ನೂ ಆ ಸಾಹೇಬರ ಮೂಗಿನ ದನಿಯಲ್ಲೇ ಆಡಿ ನಿಮ್ಮನ್ನು ನಗಿಸಿದ್ದೆ.

ಕೊನೆಗೆ ಊರ ಸಭೆಯಲ್ಲಿ ಎದ್ದು ನಿಂತವನು ಚೌಡಪ್ಪಣ್ಣ. ತಲೆತಲಾಂತರದಿಂದ ಒಡೆಯರಿಗೆ ಗೇಣಿ ಅಳೆದ ಮನೆ. ಉಳುವವನಿಗೇ ಭೂಮಿ ಎಂಬ ಕಾನೂನಿನಿಂದ ಗದ್ದೆ ಆಗಷ್ಟೇ ಅವನ ಹೆಸರಿಗೆ ಬಂದಿತ್ತು. ಹಳೇ ಅಭ್ಯಾಸಕ್ಕೆ ಹೆಗಲ ಟವೆಲನ್ನು ಕಂಕುಳಿಗೆ ಸೇರಿಸಿ, “ಶಾಲೆ ಪಕ್ಕದ ಗದ್ದೆ ಮಕ್ಳಿಗೆ ಕೊಟ್ಟೆ. ಅದ್ರ ನೀರೂ. ವರ್ಷಾ ಎರಡು ಮೂಟೆ ಅಕ್ಕಿನೂ ನಂದೇ,” ಎಂದ. ದನಿ ನಡುಗುತ್ತಿತ್ತು. ಆ ಮನೆಯಲ್ಲಿ ‘ಕೊಟ್ಟೆ’ ಎಂದವನು ಅವನೇ ಮೊದಲು—ಆ ನಡುಕವೇ ನನಗೆ ಸರಕಾಯಿತು.

ಮರುದಿನ ಹೋಟೆಲಿನಲ್ಲಿ ಟವೆಲನ್ನು ಕಂಕುಳಿಗಿಟ್ಟು ಬೆನ್ನು ಬಗ್ಗಿಸಿದೆ. ಆಮೇಲೆ ಅದನ್ನೇ ಜರಿಶಾಲಿನಂತೆ ಹೊದ್ದು, ಎದೆಯುಬ್ಬಿಸಿ, ಅವನದೇ ದನಿಯಲ್ಲಿ: “ನಿನ್ನೆವರೆಗೂ ಒಕ್ಲು ಚೌಡ, ಇವತ್ತಿಂದ ಚೌಡಪ್ಪ ಒಡೇರು! ಏಯ್, ಕೈ ಒಡ್ರೋ—ಕೊಟ್ಟೆ!” ಬೆಂಚು ಬಡಿದು ನಕ್ಕರು. ಬಾಗಿಲ ಬಳಿಯ ನಗು ಮಾತ್ರ ತಟ್ಟನೆ ನಿಂತಿತು. ಅಲ್ಲಿ ಚೌಡಪ್ಪಣ್ಣ ನಿಂತಿದ್ದ—ನಿಮ್ಮ ತೋಟಕ್ಕೆಂದು ತಂದ, ಬೂದಿ ಹಚ್ಚಿದ ಸೌತೆಬೀಜದ ಗಂಟು ಕೈಯಲ್ಲಿ. ಗಂಟಿನ ಸಮೇತ ತಿರುಗಿ ಹೋದ.

ಗದ್ದೆ ಬರೆದುಕೊಡುವ ಕಾಗದಕ್ಕೆ ರುಜು ಹಾಕಲು ಅವನು ಬರಲೇ ಇಲ್ಲ. ನೀವು ಮನೆಗೇ ಹೋದಾಗ, “ಕೊಡಾಕೆ ನಾವ್ಯಾರು ಅಕ್ಕೋರೆ,” ಎಂದಷ್ಟೇ ಅಂದನಂತೆ. “ಚೌಡಪ್ಪಂಗೆ ಎಂಥ ಆತೋ?” ಎಂದು ನನ್ನನ್ನೇ ಕೇಳಿದಿರಿ. ಊರಿನ ಅಷ್ಟೂ ದನಿ ಬಲ್ಲವನು—ಆಗ ಒಂದನ್ನೂ ಹೊರಡಿಸಲಿಲ್ಲ.

ಆ ಮಳೆಗಾಲ ಮೂರನೇ ಕ್ಲಾಸಿನ ನಾಗವೇಣಿ ಪ್ರಾರ್ಥನೆಯ ಸಾಲಿನಲ್ಲೇ ಕುಸಿದಳು. ಬೆಳಿಗ್ಗೆ ಏನು ತಿಂದೆ ಎಂದು ನೀವು ಕೇಳಿದಿರಿ; ನೀರು ಎಂದಳು. ಮುಂದಿನ ವಾರ ಅವಳು ಕೂಲಿ ಹೆಂಗಸರ ಜೊತೆ ನಟ್ಟಿ ಗದ್ದೆಯಲ್ಲಿದ್ದಳು—ಅಲ್ಲಿ ಮಧ್ಯಾಹ್ನ ಗಂಜಿ ಸಿಗುತ್ತಿತ್ತು. ಮತ್ತೆ ಶಾಲೆಗೆ ಬರಲಿಲ್ಲ. ನಿಮಗೂ ತೀರ್ಥಹಳ್ಳಿಗೆ ವರ್ಗವಾಯಿತು. ಬಸ್ಸಿಗೆ ನಿಮ್ಮ ಟ್ರಂಕು ಏರಿಸಿಕೊಟ್ಟವನೂ ನಾನೇ. ಆಗಲಾದರೂ ಹೇಳಬಹುದಿತ್ತು—

ಚೌಡಪ್ಪಣ್ಣನ ಬಳಿ ಹೋಗದೇ ಇರಲಿಲ್ಲ, ಅಕ್ಕೋರೆ. ನಾಗವೇಣಿಯನ್ನು ಆ ಕೆಸರಿನಲ್ಲಿ ಕಂಡ ದಿನವೇ ಹೋಗಿದ್ದೆ. ಅವನು ಶಾಲೆ ಪಕ್ಕದ ಅದೇ ಗದ್ದೆಯನ್ನು ಉಳುತ್ತಿದ್ದ. ನನ್ನ ಸ್ವಂತ ದನಿಯಲ್ಲಿ—ಅದು ಹೇಗಿತ್ತೆಂದು ನನಗೇ ಮರೆತಿತ್ತು—“ತಪ್ಪಾತು ಚೌಡಪ್ಪಣ್ಣ. ಬೇಕಾರೆ ನಂಗೆ ಹೊಡಿ. ಮಕ್ಳಿಗೆ ಮಾತ್ರ ಕೊಡು,” ಎಂದೆ.

ಅವನು ಎತ್ತು ನಿಲ್ಲಿಸಲಿಲ್ಲ.

“ನನ್ನ ದನಿ ನಿನ್ ಹತ್ರನೇ ಐತಲ್ಲ ಮಾರಾಯ. ನೀನೇ ‘ಕೊಟ್ಟೆ’ ಅನ್ನು. ಮಕ್ಳು ಅದನ್ನೇ ಉಣ್ಲಿ.”