ಕ್ರಾಸಿಂಗ್ ಇರುವ ಆಟವೇ ಬೇಕು

"ಈ ಆಟದಲ್ಲಿ ರೈಲು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬೇಸರದ ಪರಮಾವಧಿ. ಯಾರೂ ಕೊಳ್ಳಬೇಡಿ" ಎಂದು ಯಾವನೋ ಪುಣ್ಯಾತ್ಮ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ಇಂಗ್ಲಿಷಿನಲ್ಲಿದ್ದ ಆ ಶಾಪವನ್ನು ಮೊಮ್ಮಗಳು ಸಿಂಚನ ಕನ್ನಡದಲ್ಲಿ ಓದಿ ಹೇಳಿದ ಕೂಡಲೇ ನಾನು, "ಹಂಗಾದ್ರೆ ಇದೇ ಇರ್ಲಿ" ಅಂದೆ.

ಇಷ್ಟು ಕೇಳಿದರೆ ನಿಮಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬಂದೀತು. ಬರಲಿ, ಮನೆಯವರಿಗೂ ಬಂದಿದೆ. ಸಂಗತಿ ಏನೆಂದರೆ, ಮಂಡಿನೋವಿನಿಂದ ನನ್ನ ಸಂಜೆಯ ತಿರುಗಾಟ ನಿಂತುಹೋಯಿತು. ಅಜ್ಜನನ್ನು ಹೀಗೇ ಬಿಟ್ಟರೆ ಎಲ್ಲರಿಗೂ ಉಪದೇಶ ಮಾಡಿಯೇ ತೀರುತ್ತಾನೆ ಎಂದು ಹೆದರಿದ ಸಿಂಚನ, ರೈಲು ಓಡಿಸುವ ಕಂಪ್ಯೂಟರ್ ಆಟವೊಂದನ್ನು ನನಗೆ ಹಚ್ಚಿಕೊಡಲು ನಿರ್ಧರಿಸಿದಳು. ಪರದೆಯೇ ಎಂಜಿನ್ನಿನ ಕಿಟಕಿ, ಕೂತ ಕುರ್ಚಿಯೇ ಡ್ರೈವರನ ಪೀಠ. ನೋಡಬೇಕಾದ ಆಟಗಳು ಮೂರು. ನಾನೂ ಕನ್ನಡಕ ಒರೆಸಿಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಗಾಂಭೀರ್ಯದಲ್ಲಿ ಒರಗಿ ಕೂತು, ಒಂದೊಂದನ್ನೇ ಕರೆಸಿ ನೋಡಿದೆ.

ಮೊದಲನೆಯದು ಬಹಳ ರೂಪವಂತ ಆಟ. ಯಾವುದೋ ದೂರದೇಶದ ಹಿಮ, ಪೈನ್ ಮರ, ಬಾಣದಂಥ ರೈಲು. ಆದರೆ ಪ್ಲಾಟ್‌ಫಾರಮ್ಮಿನಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರೂ ಇಲ್ಲದ ಊರಿಗೆ ಇಷ್ಟು ಅವಸರದಲ್ಲಿ ಯಾಕೆ ಹೋಗಬೇಕೋ ನನಗೆ ತಿಳಿಯಲಿಲ್ಲ. ಎರಡನೆಯದು ನಮ್ಮ ದೇಶದ್ದೇ, ವಿದ್ಯುತ್ ಎಂಜಿನ್ನು. ಸ್ವಲ್ಪ ತಡವಾದರೂ ಅಂಕ ಕಳೆಯುತ್ತದಂತೆ. ಇಡೀ ನೌಕರಿಯ ಕಾಲ ಮೇಲಧಿಕಾರಿಗಳಿಂದ ಅಂಕ ಕಳೆಸಿಕೊಂಡವನು ನಾನು. ನಿವೃತ್ತಿಯಾದ ಮೇಲೂ ಆ ಸೇವೆಯನ್ನು ಮನೆಯಲ್ಲೇ ಮುಂದುವರಿಸುವ ಉತ್ಸಾಹ ನನಗಿರಲಿಲ್ಲ. ಮೂರನೆಯದು ಈ ನಿಲ್ಲುವ ಆಟ. ಚಿತ್ರ ಒರಟು, ಮರಗಳು ಹೂಕೋಸಿನ ಹಾಗೆ. ಆದರೆ ಅದರಲ್ಲಿ ಇರುವುದು ಒಂದೇ ಜೋಡಿ ಹಳಿ, ಸಣ್ಣ ಸಣ್ಣ ಸ್ಟೇಷನ್ನು, ಉಗಿ ಎಂಜಿನ್ನು. ಎದುರಿನಿಂದ ಇನ್ನೊಂದು ಗಾಡಿ ಬರುವುದಿದ್ದರೆ ನಮ್ಮ ಗಾಡಿ ಸ್ಟೇಷನ್ನಿನ ಪಕ್ಕದ ಹಳಿಗೆ ಸರಿದು, ಅದು ಬಂದು ಹಾದುಹೋಗುವ ತನಕ ಕಾಯಬೇಕು. ಇದಕ್ಕೆ ಕ್ರಾಸಿಂಗ್ ಎಂದು ಹೆಸರು. ನನ್ನ ಅಕ್ಕ ಗಂಗಕ್ಕನ ಸಂಸಾರ ನಿಂತಿರುವುದು ಅಂಥದೊಂದು ಕ್ರಾಸಿಂಗಿನ ಮೇಲೆ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ಅದನ್ನು ಹೇಳದೆ ಈ ಆಟವನ್ನು ಯಾಕೆ ಆರಿಸಿದೆನೆಂದು ಹೇಳಲಾಗದು.

ಎಪ್ಪತ್ತರ ದಶಕದ ನಡುಭಾಗ. ನಾವಿದ್ದದ್ದು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ. ಅಪ್ಪನದು ಟೈಲರ್ ಅಂಗಡಿ. ನಾನು ಚಿತ್ರದುರ್ಗದಲ್ಲಿ ಬಿ.ಎ. ಓದಿ, ಅಂದರೆ ಮುಗಿಸದೆ, ಮನೆಗೆ ಬಂದು ಕೂತಿದ್ದೆ. ಅತಿಥಿಗಳು ಬಂದಾಗ ಚಾಪೆ ಹಾಸುವುದು, ಹೋದಾಗ ಸುತ್ತುವುದು ನನ್ನ ಅಂದಿನ ಅಧಿಕೃತ ಹುದ್ದೆ. ಗಂಗಕ್ಕ ನನಗಿಂತ ದೊಡ್ಡವಳು. ಅಪ್ಪ ಹೊಲಿದ ಅಂಗಿಗಳಿಗೆ ಕಾಜ ಹಾಕಿ ಗುಂಡಿ ಹೊಲಿಯುವವಳು ಅವಳೇ. ಯಾವ ಬಟ್ಟೆಯೇ ಆಗಲಿ ಅಂಗಡಿಯಿಂದ ಹೊರಗೆ ಹೋಗಬೇಕಾದರೆ ಅವಳ ಕಣ್ಣು ದಾಟಿ ಹೋಗಬೇಕಿತ್ತು. ಕಣ್ಣಿನ ಹಾಗೆ ಮಾತೂ ನೇರ. ಈ ನೇರ ಮಾತಿನಿಂದಲೇ ನೋಡಲು ಬಂದ ಮೂರು ಗಂಡಿನ ಕಡೆಯವರು "ಊರಿಗೆ ಹೋಗಿ ಕಾಗದ ಬರೀತೀವಿ" ಅಂದು ಹೋಗಿದ್ದರು. ಯಾವ ಕಾಗದವೂ ಬಂದಿರಲಿಲ್ಲ. ಆ ಮಾತಿನ ಅರ್ಥ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು.

ಈ ನಡುವೆ ಹೊಸದುರ್ಗದ ಕಡೆಯಿಂದ ಒಬ್ಬ ವಿಧುರನ ಸಂಬಂಧ ಬಂದು ಕೂತಿತ್ತು. ವಯಸ್ಸು ಅಪ್ಪನಿಗಿಂತ ನಾಲ್ಕೈದು ವರ್ಷ ಕಡಿಮೆ, ಅಷ್ಟೇ. ಅಪ್ಪ ಬೇಡ ಅಂದಿರಲಿಲ್ಲ. "ತುರುವನೂರಿನೋರು ಬಂದು ಹೋಗ್ಲಿ, ಆಮೇಲೆ ನೋಡಾಣ" ಅಂದಿದ್ದ. ಅಕ್ಕ ಅದನ್ನು ಕೇಳಿಸಿಕೊಂಡು, ಅವತ್ತೆಲ್ಲ ಒಂದೇ ಅಂಗಿಯ ಗುಂಡಿಯನ್ನು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು ಮಾಡುತ್ತಿದ್ದಳು.

ತುರುವನೂರಿನವರು ಬಂದರು. ಗಂಡು ಚಂದ್ರಣ್ಣ, ಹಿರಿಯೂರಿನ ಹತ್ತಿರ ಬಬ್ಬೂರಿನ ಕೃಷಿ ಫಾರಮ್ಮಿನಲ್ಲಿ ಕೆಲಸ. ಜೊತೆಗೆ ಅವನ ತಾಯಿ ಹನುಮಕ್ಕ ಮತ್ತು ಸೋದರಮಾವ. ಉಪ್ಪಿಟ್ಟು, ಕೇಸರಿಬಾತು ಆದವು. ಚಂದ್ರಣ್ಣ ನಮ್ಮ ಮನೆಯಲ್ಲಿ ತುಟಿ ಬಿಚ್ಚಿದ್ದನ್ನು ತಿನ್ನುವುದಕ್ಕಲ್ಲದೆ ಬೇರೆ ಕಾರಣಕ್ಕೆ ನಾನು ಕಾಣಲಿಲ್ಲ. ಸೋದರಮಾವ ಶಾಸ್ತ್ರದ ಪ್ರಕಾರ, "ಒಂದು ಹಾಡು ಹೇಳಮ್ಮ" ಅಂದರು.

"ನಂಗೆ ಹಾಡೋಕೆ ಬರಲ್ಲ" ಅಂದಳು ಅಕ್ಕ.

"ಬಂದಷ್ಟು ಹೇಳಮ್ಮ."

"ಬಂದಷ್ಟು ಅಂದ್ರೆ ಏನೂ ಇಲ್ಲ."

ಮಾತಿನಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಸೋದರಮಾವ ಎಲೆಯಡಿಕೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, "ಊರಿಗೆ ಹೋಗಿ ಕಾಗದ ಬರೀತೀವಿ" ಅಂದರು. ಅವ್ವ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಪಾತ್ರೆಗಳು ಅವತ್ತು ಅನಗತ್ಯವಾಗಿ ಸದ್ದು ಮಾಡಿದವು.

ಅಪ್ಪ ಮತ್ತು ನಾನು ಬೀಗರಾಗದ ಬೀಗರನ್ನು ಸ್ಟೇಷನ್ನಿಗೆ ಬಿಡಲು ಹೊರಟೆವು. ಅವರು ಮಧ್ಯಾಹ್ನದ ಗಾಡಿಗೆ ಚಿಕ್ಕಜಾಜೂರಿಗೆ ಹೋಗಿ, ಅಲ್ಲಿ ಚಿತ್ರದುರ್ಗದ ಗಾಡಿ ಹಿಡಿಯಬೇಕಿತ್ತು. ನಮ್ಮ ಕಡೆ ಒಂದು ಕಟ್ಟುಪಾಡಿದೆ, ನಿಮ್ಮಲ್ಲೂ ಇದ್ದೀತು: ರೈಲಿಗೆ ಬಿಡಲು ಹೋದವರು ರೈಲು ಅಲ್ಲಾಡುವ ತನಕ ಬೆನ್ನು ತೋರಿಸುವ ಹಾಗಿಲ್ಲ. ನೆಂಟಸ್ತನ ಕೂಡಿಬರಲಿ ಬಿಡಲಿ, ಮರ್ಯಾದೆ ಮರ್ಯಾದೆಯೇ. ಗಾಡಿ ಬಂತು, ಅವರು ಹತ್ತಿದರು. ಅಪ್ಪ ಕಿಟಕಿಯ ಬಳಿ ನಿಂತು ಕೈ ಮುಗಿದು, "ಏನಾರ ಹೆಚ್ಚುಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕ್ಕಳ್ರಿ" ಅಂದ. ಸೋದರಮಾವ, "ಎಲ್ಲಾದ್ರೂ ಉಂಟಾ" ಅಂದರು. ಬೀಳ್ಕೊಡುಗೆ ಚೊಕ್ಕಟವಾಗಿ ಮುಗಿಯಿತು. ಗಾಡಿ ಮಾತ್ರ ಅಲ್ಲಾಡಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಮತ್ತೆ ಕೈ ಮುಗಿದ. ಸೋದರಮಾವ ಮತ್ತೆ, "ಎಲ್ಲಾದ್ರೂ ಉಂಟಾ" ಅಂದರು. ಆಗ ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡ ಪಾಯಿಂಟ್ಸ್‌ಮನ್ ಬಂದು, "ಯಾಕ್ರೀ ಬಿಸ್ಲಾಗೆ ನಿಂತೀರಿ? ಹೊಳಲ್ಕೆರೆ ಕಡೆಯಿಂದ ಗೂಡ್ಸ್ ಬರ್ಬೇಕು. ಕ್ರಾಸಿಂಗ್ ಐತೆ. ಕುಂತ್ಕಳ್ರಿ" ಅಂದ.

ಓದುಗ ಮಹಾಶಯರೇ, ಒಮ್ಮೆ ಬೀಳ್ಕೊಟ್ಟ ನೆಂಟರ ಎದುರು ಸುಮ್ಮನೆ ನಿಂತಿರುವ ಕಷ್ಟ ನಿಮಗೆ ಬಂದಿದೆಯೋ ಇಲ್ಲವೋ. ಮಳೆ, ಬೆಳೆ, ರಾಗಿ, ಶೇಂಗಾ ಎಲ್ಲ ಮನೆಯಲ್ಲೇ ಮುಗಿದಿದ್ದವು. ಎಂಜಿನ್ನು ಬುಸುಗುಟ್ಟುತ್ತಿತ್ತು, ನಾವು ಅದೂ ಇಲ್ಲದೆ ನಿಂತಿದ್ದೆವು. ಡಬ್ಬಿಯೊಳಗೆ ಸೆಕೆಯಾಗಿ ಅವರು ಕೆಳಗಿಳಿದು ಬೇವಿನ ಮರದ ನೆರಳಿಗೆ ಬಂದರು. ಹೊತ್ತು ಇಳಿಯುತ್ತಿತ್ತು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಲೇ, ಹಸ್ಕಂಡು ಹೋದ್ರು ಅನ್ನಿಸ್ಕಳೋದು ಬ್ಯಾಡ. ನಿಮ್ಮವ್ವಂಗೆ ಹೇಳಿ ಏನಾರ ತಗಂಬಾ" ಅಂದ.

ನಾನು ಓಡಿದೆ. ಅವ್ವ ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟಳು. ಮಂಡಕ್ಕಿಯ ಡಬರಿ ಹೊತ್ತು ನಾನು ಬೀದಿಗೆ ಬಂದರೆ, ಹಿಂದೆಯೇ ಮಜ್ಜಿಗೆಯ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಗಂಗಕ್ಕ ಬರುತ್ತಿದ್ದಳು. ನೋಡಲು ಬಂದವರನ್ನು ಬಿಡಲು ಹೆಣ್ಣೇ ಸ್ಟೇಷನ್ನಿಗೆ ಹೋಗುವುದು ಕೇಳರಿಯದ ಸಂಗತಿ. ಎರಡೂ ಪಾತ್ರೆ ನನ್ನೊಬ್ಬನಿಂದ ಆಗುವುದಿಲ್ಲವೆಂದು ಅವ್ವ ಕಳಿಸಿದ್ದಾಳೆ ಅಂದುಕೊಂಡೆ.

ಅಕ್ಕ ಬಂದದ್ದನ್ನು ಕಂಡು ಅಪ್ಪನ ಮುಖ ಬಾಡಿತು. ಅವಳು ಯಾರನ್ನೂ ಲೆಕ್ಕಿಸದೆ ಕಾಗದದ ತುಂಡುಗಳ ಮೇಲೆ ಮಂಡಕ್ಕಿ ಹಾಕಿ, ಜೊತೆಗೆ ಒಂದೊಂದು ಹಸಿಮೆಣಸಿನಕಾಯಿ ಇಟ್ಟು ಕೊಟ್ಟಳು. ಹನುಮಕ್ಕ ಒಂದು ಲೋಟ ಮಜ್ಜಿಗೆ ಕುಡಿದು, ಎರಡನೆಯದಕ್ಕೆ ಲೋಟ ಚಾಚಿ, ಇದ್ದಕ್ಕಿದ್ದ ಹಾಗೆ ಕೇಳಿದರು:

"ಅಲ್ಲವ್ವ, ಹಾಡು ಅಂದ್ರೆ ಹಂಗ್ಯಾಕೆ ಮುಖಕ್ಕೆ ಹೊಡ್ದಂಗೆ ಅಂದೆ?"

"ಬರ್ತಿದ್ರೆ ಹಾಡ್ತಿದ್ದೆನಮ್ಮ. ನಾನು ಹಾಡಿ ನೀವು ಎದ್ದು ಹೋಗೋದಕ್ಕಿಂತ, ಹಾಡ್ದೆ ಇರೋದೇ ಮರ್ಯಾದೆ ಅನ್ನಿಸ್ತು." ಅಕ್ಕ ಮಜ್ಜಿಗೆ ಬಗ್ಗಿಸುತ್ತಲೇ ಅಂದಳು, "ನಿಮ್ಮ ಮಗ ಹಾಡ್ತಾರಾ?"

"ಇವ್ನಾ? ಇವ್ನು ಬಾಯಿ ತೆಗುದ್ರೆ ನಮ್ಮ ಹಟ್ಟಿ ಕುರಿ ಎಲ್ಲಾ ಎದ್ದು ನಿಂತ್ಕಂತವೆ" ಅಂದು ಹನುಮಕ್ಕ ನಕ್ಕರು. ನಗು ಬಂದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು.

ಆಗ ಚಂದ್ರಣ್ಣ ನಮ್ಮ ಕಿವಿಗೆ ಬಿದ್ದ ತನ್ನ ಮೊದಲ ಮಾತನ್ನಾಡಿದ: "ಮಂಡಕ್ಕಿಗೆ ಖಾರ ಸಾಲ್ದು."

"ಕೈಯಾಗೇ ಮೆಣಸಿನಕಾಯಿ ಐತಲ್ರೀ, ಕಚ್ಕಳ್ರಿ" ಅಂದಳು ಅಕ್ಕ.

ಅವನು ಕೈ ನೋಡಿಕೊಂಡ. ಇತ್ತು. ಬಹಳ ವಿಧೇಯನಾಗಿ ಕಚ್ಚಿದ. ಮೆಣಸಿನಕಾಯಿ ತನ್ನ ಕರ್ತವ್ಯ ಮಾಡಿತು, ಕಣ್ಣಲ್ಲಿ ನೀರು ಬಂತು. ಅಕ್ಕ ಮಜ್ಜಿಗೆ ಕೊಟ್ಟಳು. ಅವನು ಕುಡಿದು, "ಈಗ ಸರಿಯಾತು" ಅಂದ. ಪಾಯಿಂಟ್ಸ್‌ಮನ್ ಕೂಡ ಬಾವುಟ ಪಕ್ಕಕ್ಕಿಟ್ಟು ಮಂಡಕ್ಕಿಗೆ ಕೂತಿದ್ದ. ಆಮೇಲೆ ಯಾರು ಏನು ಮಾತಾಡಿದರೆಂದು ಹೇಳುವುದು ಕಷ್ಟ, ಯಾಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಸೋದರಮಾವ ತಮ್ಮ ಅಂಗಿಯ ಸಡಿಲಾದ ಗುಂಡಿ ತೋರಿಸಿ ಅಪ್ಪನ ಅಭಿಪ್ರಾಯ ಕೇಳುತ್ತಿದ್ದರು. ಗೂಡ್ಸ್ ಗಾಡಿ ಗಡಗಡ ಸದ್ದು ಮಾಡುತ್ತ ಬಂದಾಗ ಯಾಕಾದರೂ ಬಂತೋ ಅನ್ನಿಸಿತು.

ಗಾಡಿ ಹತ್ತುವಾಗ ಹನುಮಕ್ಕ ಅಪ್ಪನ ಕಡೆ ತಿರುಗಿ, "ಕಾಗದ ಗೀಗದ ಏನೂ ಬ್ಯಾಡ. ಬರೋ ಸೋಮವಾರ ನೀವೇ ನಮ್ಮೂರಿಗೆ ಬರ್ರಿ" ಅಂದರು. ಅಪ್ಪ ಅವತ್ತು ಮೂರನೆಯ ಸಲ ಕೈ ಮುಗಿದ. ಗಾಡಿ ಮರೆಯಾದರೂ ಕೈ ಇಳಿಸಲಿಲ್ಲ. ನಾನು ಡಬರಿ ಹೊತ್ತು ಪಕ್ಕದಲ್ಲಿ ನಿಂತಿದ್ದೆ, ಅವನ ಮುಖ ನೋಡುವ ಧೈರ್ಯ ಆಗಲಿಲ್ಲ.

ಅಂದಿನಿಂದ ಆ ಹೆಸರಿಲ್ಲದ ಗೂಡ್ಸ್ ಗಾಡಿಗೆ ನಾನು ಮನಸ್ಸಿನಲ್ಲೇ ಋಣಿ. ಅದು ಬೇಗ ಬಂದುಬಿಟ್ಟಿದ್ದರೆ ಅಕ್ಕ ಹೊಸದುರ್ಗಕ್ಕೆ ಹೋಗುತ್ತಿದ್ದಳು. ಕಾಯಿಸುವ ರೈಲನ್ನು ಬೈಯುವವರ ಜೊತೆ ನಾನು ದನಿ ಸೇರಿಸದೆ ಇರುವುದಕ್ಕೆ, ಈ ಆಟವನ್ನು ಆರಿಸಿದ್ದಕ್ಕೆ ಕಾರಣ ಇಷ್ಟೇ.

ಮೊನ್ನೆ ಗಂಗಕ್ಕ, ಭಾವ ಚಂದ್ರಣ್ಣ ಹಿರಿಯೂರಿನಿಂದ ಬಂದಿದ್ದರು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ರೈಲು ಬಿಟ್ಟೆ. ಮೂರನೆಯ ಸ್ಟೇಷನ್ನಿನಲ್ಲಿ ಕೆಂಪು ಬಿತ್ತು, ನಿಲ್ಲಿಸಿದೆ. ಸಿಂಚನ, "ಅಜ್ಜ, ಟೈಮ್ ಮುಂದಕ್ಕೆ ಓಡ್ಸೋ ಬಟನ್ ಐತೆ, ಒತ್ಲಾ?" ಅಂದಳು. ಬೇಡವೆಂದು ತಡೆದು, ಸಂದರ್ಭ ಒದಗಿತೆಂದು ಆ ಗೂಡ್ಸ್ ಗಾಡಿಯ ಬಗ್ಗೆ ನನ್ನ ಕೃತಜ್ಞತಾ ಭಾಷಣ ಶುರುಮಾಡಿದೆ. ಅಕ್ಕ ಅರ್ಧಕ್ಕೇ ತಡೆದಳು.

"ಗೂಡ್ಸ್ ಗಾಡಿ ಮಾಡಿದ್ದೇನೋ ಅದ್ರಾಗೆ? ಅವ್ವ ನನ್ನ ಹೋಗ್ಬ್ಯಾಡ ಅಂತ ಕೈ ಹಿಡ್ಕಂಡಿದ್ಲು. 'ನಿನ್ ತಮ್ಮನೇ ಎರಡು ಸಲ ತಿರುಗ್ಲಿ' ಅಂದ್ಲು. ಕೈ ಬಿಡಿಸ್ಕಂಡು ನಾನೇ ಬಿಂದಿಗೆ ಎತ್ಕಂಡು ಬಂದೆ."

"ಯಾಕಕ್ಕ?"

"ಹಾಡಿನ ಮಾತಾದ್ಮೇಲೆ ನಾನು ಕೇಸರಿಬಾತ್ ತಟ್ಟೆ ವಾಪಸ್ ಇಸ್ಕಳೋವಾಗ ಇವ್ರು ಮೆಲ್ಲಕೆ, 'ಹಾಡು ಬರ್ದಿದ್ರೆ ಬ್ಯಾಡ ಬಿಡ್ರಿ' ಅಂದ್ರು. ಅಷ್ಟು ಮೆಲ್ಲಕೆ ಅಂದ್ರೆ ಯಾರಿಗೆ ಕೇಳ್ಸುತ್ತೆ? ಈ ಮನುಷ್ಯನ್ನ ಹಿಂಗೇ ರೈಲು ಹತ್ತಿಸ್ಬಾರ್ದು ಅನ್ನಿಸ್ತು."

ಭಾವ ಕನ್ನಡಕ ತೆಗೆದು ಅಕ್ಕನನ್ನೇ ನೋಡಿದರು. "ಅದು ನಿಂಗೆ ಕೇಳಿಸ್ತಾ? ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ."

"ನೀವು ಕೇಳಿದ್ರಾ?"

ಗೂಡ್ಸ್ ಗಾಡಿಗೆ ಇಷ್ಟು ವರ್ಷ ಸಲ್ಲಿಸಿದ ಕೃತಜ್ಞತೆಯಲ್ಲಿ ಬಹುಪಾಲನ್ನು ವಾಪಸು ತೆಗೆದುಕೊಂಡು, ಸಲ್ಲಬೇಕಾದವರ ಹೆಸರಿಗೆ ಬದಲಾಯಿಸಬೇಕಾಗಿ ಬಂದದ್ದು ಹೀಗೆ. ರೈಲು ಕಾದದ್ದು ನಿಜ. ಆದರೆ ಬಿಂದಿಗೆ ಎತ್ತಿಕೊಂಡು ನಡೆದವಳು ಅಕ್ಕ.

ಪರದೆಯಲ್ಲಿ ಎದುರು ಗಾಡಿ ಬಂದು ಹಾದುಹೋಗಿತ್ತು, ಹಸಿರು ಬಿದ್ದಿತ್ತು. ಸಿಂಚನ ನನ್ನ ತೋಳು ತಟ್ಟಿ ತೋರಿಸಿದಳು. ಭಾವ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡು ಇನ್ನೇನೋ ಕೇಳುತ್ತಿದ್ದರು, ಮೆಲ್ಲಕೆ. ಡ್ರೈವರ್ ನಾನೇ. ಗಾಡಿ ಬಿಡದೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ.