ನನ್ನ ಹೆಸರಿನಲ್ಲಿ ಬಂದ ಸಂದೇಶಗಳು

ಸೌಕಾರ್‌ಪೇಟೆಯ ಓಣಿಯಲ್ಲಿ ಫೋನು ನನ್ನ ಕೈಬಿಟ್ಟು ಹೋದಾಗ ಅದರ ಪರದೆ ತೆರೆದೇ ಇತ್ತು. ಬೀಗ ಬಿದ್ದ ಫೋನು ಸಿಕ್ಕಿದರೆ ಕಳ್ಳ ಅದನ್ನು ಬಿಡಿಭಾಗಕ್ಕೆ ಮಾರುತ್ತಾನೆ, ತೆರೆದದ್ದು ಸಿಕ್ಕಿದರೆ ಮೊದಲು ಕೂತು ಓದುತ್ತಾನೆ ಎಂದು ಆಮೇಲೆ ಠಾಣೆಯಲ್ಲಿ ಮಹಿಳಾ ಎಸ್‌ಐ ಹೇಳಿದರು. ಆ ಮಾತು ಕೇಳುವ ಹೊತ್ತಿಗೆ ಅವನು ಓದಿ ಮುಗಿಸಿದ್ದ.

ನಾನು ವೇಲಚೇರಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಗಂಡ ನಮ್ಮ ಊರಿನ ಕಡೆಯವರೇ ನಡೆಸುವ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸೂಪರ್‌ವೈಸರ್. ಹೋಟೆಲು ಇರುವುದು ತಿರುವೊಟ್ಟಿಯೂರಿನಲ್ಲಿ, ನಗರದ ಇನ್ನೊಂದು ತುದಿಗೆ. ಮನೆಯಲ್ಲಿ ನಮ್ಮ ಜೊತೆ ಅತ್ತೆ ಇದ್ದಾರೆ, ಹನ್ನೊಂದನೇ ಕ್ಲಾಸಿನ ಮಗಳಿದ್ದಾಳೆ. ಉಡುಪಿ ಕಡೆಯಿಂದ ಈ ತಮಿಳರ ನಗರಕ್ಕೆ ಬಂದು ಇಪ್ಪತ್ತು ವರ್ಷವಾದರೂ ನಾವು ಮನೆಯೊಳಗೆ ಆಡುವುದು ಊರಿನ ಕನ್ನಡವೇ. ಮಗಳಿಗೆ ಅದೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ಆ ದಿನ ಪರೀಕ್ಷೆಯ ದೆಸೆಯಿಂದ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ನಾದಿನಿಯ ಮಗಳ ಮದುವೆ ಹತ್ತಿರವಿತ್ತು. ಅವಳ ಸೀರೆಗೆ ಹೊಂದುವ ಜರಿ ಅಂಚು ಹುಡುಕಲು ನಾನೊಬ್ಬಳೇ ಸೌಕಾರ್‌ಪೇಟೆಗೆ ಹೋದೆ. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ತಿಳಿಯಲಿಲ್ಲವೆಂದು ಅಂಚನ್ನು ಬಾಗಿಲ ಬೆಳಕಿಗೆ ಹಿಡಿದು, ನಾದಿನಿ ಕಳಿಸಿದ ಸೀರೆಯ ಫೋಟೋವನ್ನು ಫೋನಿನಲ್ಲಿ ತೆರೆದು ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಹಿಂದಿನಿಂದ, ನನ್ನ ಹೆಗಲ ಮೇಲಿನಿಂದ, ಒಂದು ಕೈ ಬಂತು. ಕಸಿದುಕೊಳ್ಳುವ ಕೈಯಂತಿರಲಿಲ್ಲ. ಅಂಗಡಿಯವರೇ ಯಾರೋ ಬಣ್ಣ ನೋಡಲು ಕೇಳುತ್ತಿದ್ದಾರೆ ಎಂದುಕೊಂಡು ನಾನೇ ಬೆರಳು ಸಡಿಲಿಸಿದೆ. ತಿರುಗಿ ನೋಡಿದರೆ ಒಂದು ಬೂದುಬಣ್ಣದ ಅಂಗಿಯ ಬೆನ್ನು, ಮೂಟೆ ಹೇರಿದ ಕೈಗಾಡಿಯ ಆಚೆಗೆ ಸರಿಯುತ್ತಿತ್ತು. ಅವನು ಓಡಲಿಲ್ಲ. ಎಲ್ಲರೂ ನಡೆಯುವ ಹಾಗೆ ನಡೆದು ಹೋದ. ಅದಕ್ಕೇ ನನ್ನ ಬಾಯಿಂದ ಕೂಗು ಹೊರಡುವುದು ತಡವಾಯಿತು.

ಅಂಗಡಿಯ ಯಜಮಾನರು ಮಾರವಾಡಿ, ವಯಸ್ಸಾದವರು. ಅವರು ತಮ್ಮ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿನಿಂದ ನನ್ನತ್ತ ಸರಿಸಿ ತಮಿಳಿನಲ್ಲೇ ಕೇಳಿದರು.

"ಯಾರಿಗೆ ಮಾಡ್ಬೇಕಮ್ಮ? ನಂಬರ್ ಒತ್ತಿ."

ದಿನಾ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುವ ನನಗೆ ಗಂಡನ ನಂಬರಿನ ಮೊದಲ ನಾಲ್ಕು ಅಂಕಿಗಳಿಂದ ಮುಂದಕ್ಕೆ ಏನೂ ಹೊಳೆಯಲಿಲ್ಲ. ಮಗಳದ್ದು ಅಷ್ಟೂ ಇಲ್ಲ. ಬಾಯಿಪಾಠ ಇದ್ದದ್ದು ನನ್ನದೊಂದೇ ನಂಬರು. ಅದನ್ನೇ ಒತ್ತಿದೆ.

ಮೂರು ಸಲ ರಿಂಗಾಗಿ ಯಾರೋ ಎತ್ತಿದರು. ಮಾತಿಲ್ಲ. ಓಣಿಯಲ್ಲಿ ಒಬ್ಬ ಗಾಡಿಯವನು "ವಳಿ, ವಳಿ" ಎಂದು ದಾರಿ ಬಿಡಿಸುತ್ತ ಹೋದ. ಅದೇ ಕೂಗು ಒಂದು ಕ್ಷಣ ತಡೆದು ಫೋನಿನೊಳಗಿಂದಲೂ ಕೇಳಿಸಿತು. ಅವನು ಇನ್ನೂ ಇದೇ ಓಣಿಯಲ್ಲಿದ್ದ. ಬಹುಶಃ ನನ್ನನ್ನು ನೋಡುತ್ತಲೇ ಇದ್ದ.

"ಸೊಲ್ಲುಂಗ, ಟೀಚರ್," ಎಂದಿತು ಒಂದು ಗಂಡು ದನಿ. ಮೆಲ್ಲಗೆ, ಮರ್ಯಾದೆಯಿಂದ. ಹೇಳಿ ಟೀಚರ್ ಎಂದು. ಮತ್ತೆ ಲೈನು ಕಡಿಯಿತು.

ಐದು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ನಾನು ಯಾರೆಂದು ಅವನಿಗೆ ತಿಳಿದಿತ್ತು.

ನನ್ನ ಮುಖ ನೋಡಿ ಯಜಮಾನರು ಫೋನು ತೆಗೆದುಕೊಂಡರು. "ಎಲ್ಲರೂ ಮೊದಲು ಇದನ್ನೇ ಮಾಡ್ತಾರೆ. ಮಾಡಬಾರದು. ಮೊದಲು ಸಿಮ್ ನಿಲ್ಲಿಸಬೇಕು. ಆಮೇಲೆ, ಅವನು ನಿಮ್ಮವರಿಗೆ ಏನಾದ್ರೂ ಹೇಳುವ ಮೊದಲು ನೀವು ಹೇಳಬೇಕು," ಎಂದರು. ಸಿಮ್ ಕಂಪನಿಗೆ ಅವರೇ ಫೋನು ಹಚ್ಚಿಕೊಟ್ಟರು. ಆಚೆಯ ಹುಡುಗಿ ಹುಟ್ಟಿದ ತಾರೀಖು ಕೇಳಿದಳು, ವಿಳಾಸ ಕೇಳಿದಳು. ಕೊನೆಗೆ, ನಾನು ಹೆಚ್ಚಾಗಿ ಫೋನು ಮಾಡುವ ಎರಡು ನಂಬರ್ ಹೇಳಿ ಎಂದಳು. ಅದೇ ಗೊತ್ತಿಲ್ಲವೆಂದೆ. ಹಾಗಾದರೆ ಗುರುತಿನ ಚೀಟಿ ಹಿಡಿದು ಕಂಪನಿಯ ಅಂಗಡಿಗೇ ಬರಬೇಕು ಎಂದಳು.

ಗಂಡನ ಹೋಟೆಲಿನ ನಂಬರನ್ನು ಯಜಮಾನರು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಕೌಂಟರಿನವರು ಇವರನ್ನು ಕರೆದುಕೊಟ್ಟಾಗ ಗಡಿಯಾರ ನಾಲ್ಕಾಗುತ್ತ ಬಂದಿತ್ತು.

"ರೀ, ನನ್ನ ಫೋನು ಕದ್ದುಬಿಟ್ರು."

"ಯಾವಾಗ?"

"ಮೂರೂಕಾಲು ಇರಬೇಕು."

ಇವರು ತಮ್ಮ ಫೋನು ತೆಗೆದು ನೋಡಿದಂತಿತ್ತು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಮತ್ತೆ ಮೂರೂವರೆಗೆ ನಂಗೆ ಮೆಸೇಜ್ ಹಾಕಿದ್ದು ಯಾರು?"

"ಎಂತ ಮೆಸೇಜು?"

"ಮಗಳ ಟ್ಯೂಷನ್ ಎಷ್ಟು ಹೊತ್ತಿಗೆ ಬಿಡ್ತದೆ ಅಂತ. ಇಂಗ್ಲಿಷಲ್ಲಿ. ಇವಳೆಂತ ಇಂಗ್ಲಿಷಲ್ಲಿ ಕೇಳ್ತಾಳೆ ಅಂತ ಅನ್ನಿಸ್ತು. ಆದ್ರೂ ಐದೂವರೆಗೆ ಅಂತ ಹಾಕಿದೆ ಮಾರಾಯ್ತಿ."

ಆಗ ನನಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ಇದ್ದದ್ದು ಬರೀ ನಾಚಿಕೆ ಮತ್ತು ಸಿಟ್ಟು.

ಮಗಳಿಗೆ ಫೋನು ಮಾಡಿ ಎಂದೆ. ಅವರು ಇನ್ನೊಂದು ಫೋನಿನಲ್ಲಿ ಮಾಡಿದರು. ರಿಂಗಾಗುತ್ತದೆ, ಎತ್ತುವುದಿಲ್ಲ. ನಾಲ್ಕಕ್ಕೆ ಕ್ಲಾಸು ಶುರುವಾಗುವಾಗ ಮೇಷ್ಟ್ರು ಎಲ್ಲರ ಫೋನನ್ನೂ ಒಂದು ಬುಟ್ಟಿಯಲ್ಲಿ ಹಾಕಿಸಿಕೊಳ್ಳುತ್ತಾರೆ, ಅದು ನಮಗಿಬ್ಬರಿಗೂ ಗೊತ್ತು. ಬುಟ್ಟಿಗೆ ಹಾಕಿದ್ದಾಳೋ, ಎತ್ತಲಾಗದ ಜಾಗದಲ್ಲಿದ್ದಾಳೋ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ತಿರುವೊಟ್ಟಿಯೂರಿನಿಂದ ಇವರು ಬರುವ ಮುಂಚೆ ನಾನೇ ತಲುಪಬಹುದಿತ್ತು. "ನೀನು ಹೊರಡು. ನಾನು ಅಮ್ಮನಿಗೆ ಹೇಳ್ತೇನೆ, ಬ್ಯಾಂಕಿಗೂ ಹೇಳ್ತೇನೆ," ಎಂದರು. ಇವರು ಹೇಳಿದ ನಂಬರನ್ನು ಯಜಮಾನರು ಅಂಗಡಿಯ ಚೀಟಿಯ ಹಿಂದೆ ಬರೆದುಕೊಟ್ಟರು. ಅಂಚಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಟೋ ಹಿಡಿದು ಪಾರ್ಕ್ ಟೌನಿಗೆ ಹೋಗಿ ವೇಲಚೇರಿಯ ರೈಲು ಹತ್ತಿದೆ. ಡಬ್ಬಿಯಲ್ಲಿ ಜನ ಕಡಿಮೆ ಇದ್ದರು. ಇದ್ದವರೆಲ್ಲ ಫೋನು ನೋಡುತ್ತ ಕೂತಿದ್ದರು. ಬೂದುಬಣ್ಣದ ಅಂಗಿಯವರು ಇಬ್ಬರಿದ್ದರು. ಅವರಲ್ಲಿ ಒಬ್ಬ ತಲೆ ಎತ್ತಿದಾಗ ನಾನು ಎದ್ದು ಹೆಂಗಸರ ನಡುವೆ ಹೋಗಿ ಕೂತೆ. ಮೈಲಾಪುರ ದಾಟಿದ ಮೇಲೆ ತಡೆಯಲಾಗದೆ ಪಕ್ಕದ ಕಾಲೇಜು ಹುಡುಗಿಯಿಂದ ಫೋನು ಕೇಳಿ ಇಸಿದುಕೊಂಡು ಇವರಿಗೆ ಮಾಡಿದೆ.

"ಅವಳು ಎತ್ತುದಿಲ್ಲ ಇನ್ನೂ. ಅಮ್ಮ ಹೋಗಿದ್ದಾರೆ ಅಲ್ಲಿಗೆ, ಅವರೂ ಎತ್ತುದಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿದರು. "ನಮ್ಮ ಜಾಯಿಂಟ್ ಖಾತೆಯಿಂದ ದುಡ್ಡು ಹೋಗಿ ಆಗಿದೆ. ಪಿನ್ ಹಾಕಿಯೇ ತೆಗೆದದ್ದಂತೆ. ಯಾರಿಗಾದ್ರೂ ಹೇಳಿದ್ದೆಯಾ ನೀನು?"

ಇಲ್ಲವೆಂದೆ. ಫೋನನ್ನು ಹುಡುಗಿಗೆ ಹಿಂತಿರುಗಿಸಿದ ಮೇಲೆ ಪೂರ್ತಿ ಅರ್ಥವಾಯಿತು. ನಾನು ಆ ಪಿನ್ ಎಲ್ಲೂ ಬರೆದಿಟ್ಟಿರಲಿಲ್ಲ. ಅದು ಗೊತ್ತಿದ್ದದ್ದು ನನಗೆ ಮತ್ತು ಮಗಳಿಗೆ. ಅವಳು ನನ್ನ ಫೋನು ಹಿಡಿದು ಹೋಗಿ ನೋಟ್‌ಬುಕ್ಕು, ಗ್ರಾಫ್ ಹಾಳೆ ತರುತ್ತಿದ್ದಳು. ನಾನು ಹೇಳಿಲ್ಲವೆಂದರೆ ಅವಳು ಹೇಳಿದ್ದಾಳೆ. ಯಾರೋ ಅವಳಿಂದ ಹೇಳಿಸಿದ್ದಾರೆ.

ಮುಂದಿನ ಸ್ಟೇಷನ್ನುಗಳು ನನಗೆ ನೆನಪಿಲ್ಲ. ಎರಡೂ ಅಂಗೈಯನ್ನು ತೊಡೆಗೆ ಒತ್ತಿ ಹಿಡಿದು ಕೂತಿದ್ದೆ ಅನ್ನುವುದು ನೆನಪಿದೆ. ಅವಳು ಬೆಳಿಗ್ಗೆ ಯಾವ ಬಣ್ಣದ ಚೂಡಿದಾರ್ ಹಾಕಿಕೊಂಡು ಹೋದಳೆಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಪೊಲೀಸರು ಕೇಳಿದರೆ ಏನು ಹೇಳಲಿ ಎಂದು ಯೋಚನೆ ಬಂತು.

ವೇಲಚೇರಿಯಲ್ಲಿ ಇಳಿದು ಬಿಸಿಲಿನಲ್ಲಿ ಓಡಿದೆ. ಟ್ಯೂಷನ್ ನಡೆಯುವುದು ಒಂದು ಹಳೆಯ ಮನೆಯ ಮಾಳಿಗೆಯಲ್ಲಿ. ಮೆಟ್ಟಿಲ ಬುಡದಲ್ಲಿ ನಮ್ಮ ಅತ್ತೆ ಕೂತಿದ್ದರು, ಮಡಚಿದ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು.

"ಎಂತಕ್ಕೆ ಹೀಗೆ ಓಡ್ತಾ ಬಂದದ್ದು? ಮಗು ಮೇಲೆ ಉಂಟು. ಬರೀತಾ ಕೂತಿದೆ. ಎರಡು ಸಲ ಹೋಗಿ ನೋಡಿ ಬಂದೆ," ಎಂದರು. "ಮೇಷ್ಟ್ರು ಬೈದ್ರು. ನಾನೂ ಬೈದೆ. ಅವಸರಕ್ಕೆ ಫೋನು ಮನೆಯಲ್ಲೇ ಬಿಟ್ಟು ಬಂದೆ ನಾನು."

ಅವರ ಪಕ್ಕ ಕುಸಿದು ಕೂತೆ. ಬೀದಿಯಲ್ಲಿ ಬೈಕಿನ ಮೇಲೆ ಯಾರು ನಿಧಾನ ಮಾಡಿದರೂ ಇಬ್ಬರೂ ತಿರುಗಿ ನೋಡುತ್ತಿದ್ದೆವು. ಯಾರೂ ಬರಲಿಲ್ಲ. ಐದೂವರೆಗೆ ಮಗಳು ಇಳಿದು ಬಂದು, ಅಜ್ಜಿ ಮತ್ತು ನನ್ನನ್ನು ಒಟ್ಟಿಗೆ ಕಂಡು ಬೆಚ್ಚಿದಳು.

"ಪಿನ್ ನಂಬರ್ ಯಾರಿಗೆ ಹೇಳಿದೆ?" ಎಂದು ಕೇಳಿದೆ.

"ಅಮ್ಮಾ, ನೀ ದಾನೇ ಕೇಟ್ಟೆ?" ಎಂದಳು. ನೀನೇ ತಾನೇ ಕೇಳಿದ್ದು.

ಅವಳು ತನ್ನ ಫೋನು ತೆರೆದು ನನ್ನ ಕೈಗೆ ಕೊಟ್ಟಳು. ಮೇಲೆ ನನ್ನ ಫೋಟೋ ಇತ್ತು, ಅಮ್ಮ ಎಂಬ ಹೆಸರಿತ್ತು. ಅದರ ಕೆಳಗೆ, ನಾನು ಸೌಕಾರ್‌ಪೇಟೆಯ ಅಂಗಡಿಯಲ್ಲಿ ನಂಬರ್ ನೆನಪಾಗದೆ ನಿಂತಿದ್ದ ಹೊತ್ತಿನಲ್ಲಿ, ನಾನು ಆಡಿದ ಮಾತುಗಳಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಮಿಳು. ಊಟ ಆಯಿತಾ ಎಂದು ಅವನು ಶುರುಮಾಡಿದ್ದ. ಮಗಳು ನಗುವ ಗೊಂಬೆ ಹಾಕಿ, ಇವತ್ತೇನು ತಮಿಳಿನಲ್ಲಿ ಎಂದು ಕೇಳಿದ್ದಳು. ನಿನಗೋಸ್ಕರ ಎಂದು ಅವನು ಬರೆದಿದ್ದ.

ಆಮೇಲೆ ಅವಳೇ ಬರೆದಿದ್ದಳು. ಕೆಮಿಸ್ಟ್ರಿಯಲ್ಲಿ ಎರಡು ಟೆಸ್ಟು ಫೇಲಾದದ್ದು, ಅಪ್ಪನ ಸಹಿಯನ್ನು ತಾನೇ ಹಾಕಿದ್ದು, ಈ ಸೈನ್ಸ್ ಗ್ರೂಪೇ ತನಗೆ ಬೇಡವಾಗಿತ್ತು ಎನ್ನುವುದು, ಬೆಳಿಗ್ಗೆ ಎದ್ದರೆ ಹೊಟ್ಟೆಯಲ್ಲಿ ಸಂಕಟವಾಗುವುದು. ಒಂದರ ಹಿಂದೊಂದು, ತಡೆಯಿಲ್ಲದೆ. ಇದರಲ್ಲಿ ಒಂದನ್ನೂ ಅವಳು ನನಗೆ ಹೇಳಿರಲಿಲ್ಲ. ಪ್ರತಿಯೊಂದರ ಕೆಳಗೂ ಅವನ ಉತ್ತರವಿತ್ತು. ಪರವಾಗಿಲ್ಲ ಕಣ್ಣಾ. ಅಮ್ಮ ಇದ್ದೇನೆ. ಅಪ್ಪನಿಗೆ ಹೇಳುವುದಿಲ್ಲ. ಅಳಬೇಡ. ಇಷ್ಟಾದ ಮೇಲೆ, ಅಂಗಡಿಯಲ್ಲಿದ್ದೇನೆ, ಪಿನ್ ಮರೆತುಹೋಯಿತು, ಬೇಗ ಹಾಕು ಎಂದಿದ್ದ. ಅವಳು ಹಾಕಿದ್ದಳು.

ನಡುಬೀದಿಯಲ್ಲಿ ನಿಂತು ಅದನ್ನೆಲ್ಲ ಓದುವಾಗ ನನ್ನ ಹೆಸರಿನ ಕೆಳಗೆ ಟೈಪಿಂಗ್ ಎಂದು ಕಾಣಿಸಿಕೊಂಡಿತು. ಒಂದು ಕ್ಷಣ ಹಾಗೇ ಇದ್ದು ಹೋಯಿತು. ಮತ್ತೆ ಬಂತು. ಮಗಳು ನನ್ನ ತೋಳಿಗೆ ಆತುಕೊಂಡಳು. ಕೊನೆಗೆ ಅವನು ಏನೂ ಕಳಿಸಲಿಲ್ಲ.

ಠಾಣೆಗೆ ಮೂವರೂ ಹೋದೆವು. ಅವನಿಗೆ ಮಗಳು ಬೇಕಿರಲಿಲ್ಲ, ಸಮಯ ಬೇಕಿತ್ತು ಎಂದರು ಎಸ್‌ಐ. ತಾಯಿ ಮಗಳು ಎದುರುಬದುರಾಗುವವರೆಗೆ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಲು ಟ್ಯೂಷನ್ ಬಿಡುವ ವೇಳೆ ಕೇಳಿದ್ದಾನೆ. ಅವರು ಸಮಾಧಾನಕ್ಕೆ ಹೇಳಿದ್ದೇ ಆದರೂ ನನಗೆ ಸಮಾಧಾನವಾಗಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿಗೆ ಅಲ್ಲಿಂದಲೇ ದೂರು ಕೊಡಿಸಿದರು. ಫೋನನ್ನೇ ನಿಲ್ಲಿಸಲು ಅದರ ಹದಿನೈದು ಅಂಕಿಯ ಗುರುತಿನ ಸಂಖ್ಯೆ ಬೇಕು, ಫೋನು ಬಂದ ಡಬ್ಬಿಯ ಮೇಲೆ ಇರುತ್ತದೆ ಎಂದರು. ಡಬ್ಬಿ ಎಂದೋ ಬಿಸಾಡಿರಬೇಕು ಎಂದೆ. "ಎಂತ ಬಿಸಾಡುದು? ಅದರಲ್ಲಿ ನಾನು ಹೂಬತ್ತಿ ಇಟ್ಟಿದ್ದೇನೆ," ಎಂದರು ಅತ್ತೆ. ಸಂಖ್ಯೆ ಅವರಿಂದ ಸಿಕ್ಕಿತು. ಫೋನಿನೊಳಗೆ ಏನೇನಿತ್ತು ಎಂದು ಎಸ್‌ಐ ಕೇಳಿದರು. ಆಧಾರ್ ಫೋಟೋ, ಶಾಲೆಯ ಮಕ್ಕಳ ಪಟ್ಟಿ, ಅತ್ತೆಯ ರಕ್ತಪರೀಕ್ಷೆಯ ವರದಿ ಎಂದು ಹೇಳುತ್ತ ಹೋದೆ. ಅವರು ಅರ್ಧಕ್ಕೆ ಬರೆಯುವುದು ನಿಲ್ಲಿಸಿದರು.

ಮರುದಿನ ಅದೇ ನಂಬರಿನ ಹೊಸ ಸಿಮ್ ಬಂತು. ಅದಾಗಿ ಎರಡು ದಿನಕ್ಕೆ ಒಂದು ಸಂದೇಶ: ನಿಮ್ಮ ಕಳೆದ ಫೋನು ಪತ್ತೆಯಾಗಿದೆ, ಜಾಗ ನೋಡಲು ಇಲ್ಲಿ ಒತ್ತಿ, ಪಾಸ್‌ವರ್ಡ್ ಕೊಡಿ. ಜಾಗದ ಹೆಸರೂ ಇತ್ತು. ತಿರುವೊಟ್ಟಿಯೂರಿನಲ್ಲಿ ನನ್ನ ಗಂಡನ ಹೋಟೆಲಿರುವ ಬೀದಿ. ಇವರು ಅಲ್ಲಿ ಕೆಲಸದಲ್ಲಿದ್ದ ಹೊತ್ತು. ನನ್ನ ಬೆರಳು ಹೋಗಿಯೇ ಬಿಟ್ಟಿತ್ತು, ಮಗಳು ಮಣಿಕಟ್ಟು ಹಿಡಿದಳು. "ವೇಣಾಂ ಅಮ್ಮಾ, ಬೇಡ. ಇದೂ ಅವನೇ." ಹೌದು, ಇದೂ ಇಂಥ ಕಳ್ಳರದೇ ಪದ್ಧತಿ ಎಂದು ಎಸ್‌ಐ ಆಮೇಲೆ ಹೇಳಿದರು. ಒತ್ತಿದ್ದರೆ ಉಳಿದದ್ದೂ ಹೋಗುತ್ತಿತ್ತು. ಇವರು ಹೋಟೆಲಿಗೆ ಹೋಗಿಬರುವ ದಾರಿಯನ್ನು ಕೆಲವು ವಾರ ಬದಲಾಯಿಸಿದರು.

ಫೋನು ಸಿಗಲಿಲ್ಲ, ಅವನೂ ಸಿಗಲಿಲ್ಲ. ದುಡ್ಡಿನಲ್ಲಿ ಸ್ವಲ್ಪ ತಿರುಗಿ ಬಂತು. ಕೆಮಿಸ್ಟ್ರಿಯ ವಿಷಯವನ್ನು ಮಗಳೇ ಅಪ್ಪನಿಗೆ ಹೇಳಿದಳು. ಶಾಲೆಯವರೊಡನೆ ಮಾತಾಡಿ ಗ್ರೂಪು ಬದಲಾಯಿಸಿದ್ದೇವೆ. ಇವರು ಬೈಯಲಿಲ್ಲ. ಒಂದು ಸಂಜೆ ಅನ್ನ ಕಲಸುತ್ತ ಅವಳು, "ಅವನು ಚೆನ್ನಾಗಿ ಮಾತಾಡಿದ ಅಮ್ಮಾ," ಎಂದು ತಮಿಳಿನಲ್ಲಿ ಹೇಳಿದಳು. ನಾನು ಅವಳ ತಟ್ಟೆಗೆ ಸಾರು ಬಡಿಸಿದೆ.

ಆ ಸಂದೇಶಗಳನ್ನು ಅಳಿಸಬೇಡಿ, ಸಾಕ್ಷಿ ಅವು, ಎಂದು ಠಾಣೆಯಲ್ಲಿ ಹೇಳಿದ್ದಾರೆ. ಹಾಗಾಗಿ ಅವು ಇನ್ನೂ ಮಗಳ ಫೋನಿನಲ್ಲಿವೆ. ಹೊಸ ಫೋನಿನಿಂದ ನಾನು ಕಳಿಸುವುದೂ ಅದೇ ಜಾಗಕ್ಕೆ ಹೋಗಿ ಸೇರುತ್ತದೆ. ಅಮ್ಮ ಇದ್ದೇನೆ, ಅಳಬೇಡ ಎಂದು ಅವನು ಬರೆದದ್ದರ ಕೆಳಗೆ, ಬಸ್ಸು ಸಿಕ್ಕಿತಾ ಎಂದು ನಾನು ಬರೆದದ್ದು ಇದೆ. ನಡುವೆ ಒಂದು ತಾರೀಖು ಬಿಟ್ಟರೆ ಬೇರೆ ಗೆರೆಯಿಲ್ಲ.